ನುಡಿಸಿದವರ ಹೆಸರೆಲ್ಲಿ? — ಪೋಲ್ಕಾ ಕುರಿತು ಲೇಖನ ಕಳಿಸಿದವರಿಗೆ ಸಂಪಾದಕರ ಉತ್ತರ

ಮಾನ್ಯರೇ, ನಮಸ್ಕಾರ.

ಯುರೋಪಿನಿಂದ ಅಮೆರಿಕದ ವಿಸ್ಕಾನ್ಸಿನ್ ಮತ್ತು ಮಿನ್ನೆಸೋಟ ರಾಜ್ಯಗಳಿಗೆ ವಲಸೆ ಹೋದ ಸಮುದಾಯಗಳ ಪೋಲ್ಕಾ, ಅಂದರೆ ಜೋಡಿಯಾಗಿ ಕುಣಿಯುವ ಚುರುಕು ಗತಿಯ ನೃತ್ಯದ ಸಂಗೀತ, ಹೇಗೆ ದಾಖಲಾಯಿತು ಎಂಬುದನ್ನು ಕುರಿತು ನೀವು ಕಳಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಕನ್ನಡದಲ್ಲಿ ಈ ವಿಷಯವನ್ನು ಮುಟ್ಟಿದವರು ವಿರಳ. ನಿಮ್ಮ ಭಾಷೆ ತಿಳಿಯಾಗಿದೆ. ವಿಸ್ಕಾನ್ಸಿನ್‌ನ ಮಿಲ್ವಾಕಿಯಲ್ಲಿ ನೆಲೆಸಿರುವ ನೀವು ಪಕ್ಕದ ಊರಿನ ನೃತ್ಯದ ಹಾಲಿಗೆ ಹೋಗಿ, ಕುಳಿತು ಕೇಳಿ ಬರೆದಿದ್ದೀರಿ ಎಂಬುದೂ ಸಂತೋಷದ ಸಂಗತಿ. ಆದರೆ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಧ್ವನಿಮುದ್ರಣ ಮಾಡಿಕೊಂಡವರ ಹೆಸರು, ಹುದ್ದೆ, ವಿಶ್ವವಿದ್ಯಾಲಯ ಎಲ್ಲವನ್ನೂ ನೀವು ಶ್ರದ್ಧೆಯಿಂದ ಕೊಟ್ಟಿದ್ದೀರಿ. ನುಡಿಸಿದವರಲ್ಲಿ ಒಬ್ಬರ ಹೆಸರೂ ಲೇಖನದಲ್ಲಿಲ್ಲ. ಇದನ್ನು ಓದುತ್ತಾ ಹೋದಂತೆ ನನಗೆ ಬೇಸರವಾಯಿತು, ಕೊನೆಗೆ ಸಿಟ್ಟೇ ಬಂತು. ಹೆಜ್ಜೆಗಳ ವಿವರಣೆ, ಯುರೋಪಿನ ಇತಿಹಾಸದ ಭಾಗ, ಊಟೋಪಚಾರದ ವರ್ಣನೆ ಇವುಗಳ ಬಗ್ಗೆ ಏನೂ ಹೇಳುವುದಿಲ್ಲ. ನನ್ನನ್ನು ಕಾಡಿದ ಕೆಲವು ವಾಕ್ಯಗಳನ್ನಷ್ಟೇ ಎತ್ತಿಕೊಳ್ಳುತ್ತೇನೆ.

ಮೊದಲ ಪುಟದಲ್ಲಿ ಹೀಗೆ ಬರೆದಿದ್ದೀರಿ: “ಅಳಿವಿನ ಅಂಚಿಗೆ ಸರಿದಿದ್ದ ಪೋಲ್ಕಾ ಸಂಗೀತವನ್ನು 1940ರ ದಶಕದಲ್ಲಿ ಹೆಲೆನ್ ಸ್ಟ್ರಾಟ್‌ಮನ್-ಥಾಮಸ್ ಅವರು ಉಳಿಸಿಕೊಟ್ಟರು.”

ಸ್ಟ್ರಾಟ್‌ಮನ್-ಥಾಮಸ್ ಅವರ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸಂಗೀತದ ಅಧ್ಯಾಪಕಿಯಾಗಿದ್ದ ಅವರು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವೆನಿಸಿದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಸಹಯೋಗದಲ್ಲಿ 1940 ಮತ್ತು 1941ರಲ್ಲಿ, ಯುದ್ಧ ಮುಗಿದ ಮೇಲೆ ಮತ್ತೆ 1946ರಲ್ಲಿ, ರಾಜ್ಯದ ಉದ್ದಗಲಕ್ಕೂ ತಿರುಗಿ ಇಪ್ಪತ್ತಕ್ಕೂ ಹೆಚ್ಚು ಸಮುದಾಯಗಳ ಹಾಡು ಮತ್ತು ವಾದನವನ್ನು ಡಿಸ್ಕುಗಳ ಮೇಲೆ ಮುದ್ರಿಸಿಕೊಂಡರು. ಆದರೆ ಆ ದಶಕದಲ್ಲಿ ಪೋಲ್ಕಾ ಅಳಿವಿನ ಅಂಚಿನಲ್ಲಿರಲಿಲ್ಲ. ಅದು ಆಗ ಏರುಗಾಲದಲ್ಲಿತ್ತು. ಮಿನ್ನೆಸೋಟದ ನ್ಯೂ ಅಲ್ಮ್ ಕಡೆಯ ‘ವೂಪೀ ಜಾನ್’ ವಿಲ್ಫಾರ್ಟ್ 1920ರ ದಶಕದ ಕೊನೆಗೇ ಗ್ರಾಮೊಫೋನ್ ತಟ್ಟೆಗಳಿಗೆ ನುಡಿಸಿದ್ದರು. ನಿಮ್ಮದೇ ರಾಜ್ಯದ ಮ್ಯಾನಿಟೊವಾಕ್ ಮತ್ತು ಕಿವಾನೀ ಸೀಮೆಯಲ್ಲಿ ಚೆಕ್ ಶೈಲಿಯ ಟ್ರಂಪೆಟ್ ವಾದಕ ರೋಮಿ ಗಾಸ್ 1930ರ ದಶಕದಿಂದಲೂ ಮನೆಮಾತಾಗಿದ್ದರು. ಕ್ಲೀವ್‌ಲ್ಯಾಂಡಿನ ಸ್ಲೊವೇನಿಯನ್ ಕುಟುಂಬದ ಫ್ರಾಂಕಿ ಯಾಂಕೊವಿಕ್ ಕೊಲಂಬಿಯಾ ಕಂಪನಿಗಾಗಿ ನುಡಿಸಿದ ಪೋಲ್ಕಾ 1948ರಲ್ಲಿ ದೇಶಾದ್ಯಂತ ಮಾರಾಟವಾಯಿತು. ಅದೇ ವರ್ಷ ಅವರಿಗೆ ‘ಅಮೆರಿಕದ ಪೋಲ್ಕಾ ರಾಜ’ ಎಂಬ ಬಿರುದು ಸಿಕ್ಕಿದ್ದು ನೀವು ಈಗ ವಾಸವಾಗಿರುವ ಮಿಲ್ವಾಕಿಯಲ್ಲಿಯೇ. ವಲಸೆಗಾರರಿಗೆ ಮಾರುವ ಸಲುವಾಗಿಯೇ ಕೊಲಂಬಿಯಾ ಮತ್ತು ವಿಕ್ಟರ್ ಕಂಪನಿಗಳು 20ನೆಯ ಶತಮಾನದ ಮೊದಲ ದಶಕಗಳಲ್ಲಿ ಎಷ್ಟು ತಟ್ಟೆಗಳನ್ನು ತೆಗೆದಿದ್ದವೆಂದರೆ, 1893ರಿಂದ 1942ರವರೆಗಿನ ಅಂಥ ಮುದ್ರಣಗಳನ್ನು ಪಟ್ಟಿ ಮಾಡಲು ರಿಚರ್ಡ್ ಸ್ಪಾಟ್ಸ್‌ವುಡ್ ಅವರಿಗೆ ಏಳು ಸಂಪುಟಗಳು ಬೇಕಾದವು. 1990ರಲ್ಲಿ ಪ್ರಕಟವಾದ ಆ ಸೂಚಿಯಲ್ಲಿ ಪುಟದ ನಂತರ ಪುಟ ಇರುವುದು ವಾದಕರ ಮತ್ತು ಗಾಯಕರ ಹೆಸರುಗಳೇ.

ಹಾಗಾದರೆ ಸ್ಟ್ರಾಟ್‌ಮನ್-ಥಾಮಸ್ ಮಾಡಿದ್ದೇನು? ಕಂಪನಿಗಳಿಗೆ ಲಾಭವಿಲ್ಲವೆಂದು ಬಿಟ್ಟುಹೋಗಿದ್ದನ್ನು, ಅಂದರೆ ಮನೆಯೊಳಗಿನ ಹಾಡು, ವಯಸ್ಸಾದವರ ಕೈಯಲ್ಲಿ ಮಾತ್ರ ಉಳಿದಿದ್ದ ವಾದ್ಯ, ಮದುವೆಯಲ್ಲಿ ನುಡಿಸಿ ಅಲ್ಲಿಗೇ ಮುಗಿಯುತ್ತಿದ್ದ ಗತ್ತು, ಇವುಗಳನ್ನು ಅವರು ಹುಡುಕಿಕೊಂಡು ಹೋದರು. 1938ರಲ್ಲಿ ಜನಪದ ಸಂಗೀತ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ಮಿಷಿಗನ್ ರಾಜ್ಯದಲ್ಲಿ ಫಿನ್ನಿಷ್, ಪೋಲಿಷ್, ಫ್ರೆಂಚ್ ಕೆನಡಿಯನ್ ಮನೆಗಳಿಗೆ ಹೋದದ್ದೂ ಇದಕ್ಕಾಗಿಯೇ. ಇದು ಪೋಲ್ಕಾವನ್ನು ಉಳಿಸುವುದಕ್ಕಿಂತ ಬೇರೆಯೇ ಕೆಲಸ, ನನ್ನ ದೃಷ್ಟಿಯಲ್ಲಿ ಹೆಚ್ಚು ಕಷ್ಟದ ಕೆಲಸ. ನೀವು ಅವರನ್ನು ಉದ್ಧಾರಕರ ಪೀಠದಲ್ಲಿ ಕೂರಿಸಿದ್ದರಿಂದ ಅವರ ನಿಜವಾದ ಸಾಧನೆಯೂ ಕಾಣದೆ ಹೋಯಿತು, ಶನಿವಾರ ರಾತ್ರಿಗಳಲ್ಲಿ ನೃತ್ಯದ ಹಾಲುಗಳನ್ನು ತುಂಬಿಸುತ್ತಿದ್ದ ವಾದಕರೂ ಕಾಣದೆ ಹೋದರು.

ಇಳಿಗಾಲದ ಬಗ್ಗೆ ಬರೆಯಲೇಬೇಕೆಂದಿದ್ದರೆ ಬರೆಯಿರಿ, ಅದಕ್ಕೆ ಆಧಾರಗಳಿವೆ. 1986ರಲ್ಲಿ ಮೊದಲ ಬಾರಿ ಪೋಲ್ಕಾಕ್ಕೆಂದು ಕೊಟ್ಟ ಗ್ರ್ಯಾಮಿ ಪ್ರಶಸ್ತಿ ಯಾಂಕೊವಿಕ್ ಅವರಿಗೆ ಸಂದಿತು. 2009ರಲ್ಲಿ ಆ ವಿಭಾಗವನ್ನೇ ಕೈಬಿಟ್ಟರು. ಈ ಎರಡು ವರ್ಷಗಳ ನಡುವೆಯೇ, 1990ರ ದಶಕದಲ್ಲಿ, ವಿಸ್ಕಾನ್ಸಿನ್ ಸರ್ಕಾರ ಪೋಲ್ಕಾವನ್ನು ರಾಜ್ಯದ ಅಧಿಕೃತ ನೃತ್ಯವೆಂದು ಘೋಷಿಸಿತು. ಒಂದು ಕಲೆಗೆ ಸರ್ಕಾರದ ಮನ್ನಣೆ ಸಿಗುವುದೂ ಮಾರುಕಟ್ಟೆ ಕುಗ್ಗುವುದೂ ಒಂದೇ ಕಾಲದಲ್ಲಿ ನಡೆದದ್ದು ಹೇಗೆ ಎಂಬ ಪ್ರಶ್ನೆಯನ್ನು ನೀವು ಅಲ್ಲಿಯ ನೃತ್ಯದ ಹಾಲಿನ ಮಾಲೀಕರನ್ನು ಕೇಳಬಹುದಿತ್ತು. 1940ಕ್ಕೇ ಸಾವಿನ ಸುದ್ದಿ ಬರೆದುಬಿಟ್ಟಿದ್ದರಿಂದ ಕೇಳಲು ಜಾಗವೇ ಉಳಿಯಲಿಲ್ಲ.

ಇನ್ನು ನನಗೆ ಅತಿ ಹೆಚ್ಚು ನೋವುಂಟುಮಾಡಿದ ವಾಕ್ಯ. ಅದು ಮೂರನೆಯ ಪುಟದಲ್ಲಿದೆ, ಇಡೀ ಲೇಖನದಲ್ಲಿ ಜೀವವಿರುವ ಪುಟವೂ ಅದೇ: “ಆಗ ಒಬ್ಬ ವೃದ್ಧ ಕಲಾವಿದರು ತಮ್ಮ ಅಕಾರ್ಡಿಯನ್ ತೆಗೆದು ಹಳೆಯದೊಂದು ಪೋಲ್ಕಾ ನುಡಿಸಿದರು, ಎಲ್ಲರ ಕಣ್ಣುಗಳೂ ತೇವವಾದವು.”

ಯಾರು ಈ ವೃದ್ಧರು? ನೀವು ಅವರ ಎದುರಿನ ಕುರ್ಚಿಯಲ್ಲಿ ಕುಳಿತಿದ್ದಿರಿ, ಅವರ ಚಿತ್ರ ತೆಗೆದಿದ್ದೀರಿ, ಅವರ ಮನೆಯಲ್ಲಿ ಕಾಫಿ ಕುಡಿದದ್ದನ್ನೂ ಬರೆದಿದ್ದೀರಿ. ಅವರ ಹೆಸರು ಮಾತ್ರ ಬರೆದಿಲ್ಲ. “ಹಳೆಯದೊಂದು ಪೋಲ್ಕಾ” ಎಂದರೆ ಯಾವುದು? ಅದಕ್ಕೊಂದು ಹೆಸರಿರುತ್ತದೆ, ಇಲ್ಲದಿದ್ದರೆ ‘ನಮ್ಮಪ್ಪನ ಪೋಲ್ಕಾ’ ಎಂದಾದರೂ ಅವರು ಕರೆಯುತ್ತಿರುತ್ತಾರೆ. ಕೇಳಿದ್ದರೆ ಹೇಳುತ್ತಿದ್ದರು.

ಎದೆಗೆ ತಗುಲಿಸಿಕೊಂಡು ತಿದಿ ಎಳೆದು ನುಡಿಸುವ ಅಕಾರ್ಡಿಯನ್ ಎಂದಿದ್ದೀರಿ. ನೀವೇ ಲಗತ್ತಿಸಿರುವ ಚಿತ್ರವನ್ನು ಮತ್ತೊಮ್ಮೆ ನೋಡಿ. ತೊಡೆಯ ಮೇಲಿರುವುದು ಚೌಕ ಪೆಟ್ಟಿಗೆ. ಎರಡೂ ಬದಿಗೆ ದುಂಡು ಗುಂಡಿಗಳಿವೆ, ಪಿಯಾನೊ ಮನೆಗಳು ಎಲ್ಲಿಯೂ ಇಲ್ಲ. ಚಿತ್ರವನ್ನು ದೊಡ್ಡದು ಮಾಡಿದರೆ ಗುಂಡಿಗಳ ಬಳಿ ಅಂಕಿಗಳು ಕಾಣುತ್ತವೆ. ಅದು ಕೆಮ್ನಿಟ್ಸರ್ ಕನ್ಸರ್ಟಿನಾ. ಜರ್ಮನಿಯ ಕೆಮ್ನಿಟ್ಸ್ ಪಟ್ಟಣದಲ್ಲಿ 1834ರಲ್ಲಿ ಕಾರ್ಲ್ ಫ್ರೀಡ್ರಿಕ್ ಊಲಿಗ್ ರೂಪಿಸಿದ ವಾದ್ಯದ ಪರಂಪರೆಗೆ ಸೇರಿದ್ದು. ನಮ್ಮ ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿದರೆ ತಿದಿ ಹೇಗೆ ಹಾಕಿದರೂ ಒಂದೇ ಸ್ವರ. ಈ ಪೆಟ್ಟಿಗೆಯಲ್ಲಿ ಅದೇ ಗುಂಡಿ ತಿದಿಯನ್ನು ಎಳೆದಾಗ ಒಂದು ಸ್ವರವನ್ನೂ ಒತ್ತಿದಾಗ ಇನ್ನೊಂದನ್ನೂ ಕೊಡುತ್ತದೆ. ಸಾಮಾನ್ಯವಾಗಿ 52 ಗುಂಡಿಗಳಿಗೆ 104 ಸ್ವರಗಳು. ಆದ್ದರಿಂದಲೇ ಅದರ ಸಂಗೀತವನ್ನು ಬಹುಕಾಲ ಅಂಕಿಗಳಲ್ಲಿ, ಎಳೆಯುವುದಕ್ಕೂ ಒತ್ತುವುದಕ್ಕೂ ಬೇರೆ ಬೇರೆ ಗುರುತು ಹಾಕಿ ಬರೆಯುತ್ತಿದ್ದರು. ಸ್ವರಲಿಪಿ ಬಾರದ ರೈತನೂ ಕಾರ್ಖಾನೆಯ ಕೂಲಿಗಾರನೂ ಅದನ್ನು ನೋಡಿ ನುಡಿಸಬಹುದಿತ್ತು. ಆ ಮನೆಯಲ್ಲಿ ಅಂಥ ಅಂಕಿ ಬರೆದ ಹಾಳೆಗಳು ಇದ್ದಿರಬಹುದು. ಅವು ನಿಮ್ಮ ಲೇಖನಕ್ಕೆ ಮೂಲ ಸಾಮಗ್ರಿಯಾಗುತ್ತಿದ್ದವು.

ಆ ಪೆಟ್ಟಿಗೆಯನ್ನು ಮಾಡಿದವರು ಯಾರೆಂದು ಅದರ ಮೇಲೆಯೇ ಬರೆದಿರುವ ಸಾಧ್ಯತೆ ಹೆಚ್ಚು. ಶಿಕಾಗೋದಲ್ಲಿ ಈ ವಾದ್ಯ ಕಟ್ಟುವವರ ಒಂದು ಪೀಳಿಗೆಯೇ ಇತ್ತು. ನ್ಯೂ ಅಲ್ಮ್‌ನ ಕ್ರಿಸ್ಟಿ ಹೆಂಗಲ್ ಅವರ ಕೈಕೆಲಸಕ್ಕೆ 1989ರಲ್ಲಿ ರಾಷ್ಟ್ರೀಯ ಪರಂಪರೆಯ ಗೌರವ ಸಂದಿತು. ವಾದ್ಯದ ಮೇಲಿನ ಹೆಸರು ಗೊತ್ತಾದರೆ ಅದು ಯಾವ ಊರಿನಿಂದ ಯಾವ ಊರಿಗೆ ಬಂತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಚರಿತ್ರೆ ತೆರೆದುಕೊಳ್ಳುತ್ತದೆ. ಅಕಾರ್ಡಿಯನ್ ಎಂದು ಬರೆದ ಕೂಡಲೇ ಆ ಚರಿತ್ರೆಯ ಬಾಗಿಲು ಮುಚ್ಚಿತು, ಜೊತೆಗೆ ಲೇಖನದ ಮುಖ್ಯ ವಿಷಯವೂ ತಪ್ಪಿಹೋಯಿತು. ಯಾಂಕೊವಿಕ್ ಹುಡುಗನಾಗಿದ್ದಾಗ ಮನೆಯಲ್ಲಿ ಬಾಡಿಗೆಗಿದ್ದ ಸ್ಲೊವೇನಿಯನ್ ಕೆಲಸಗಾರರಿಂದ ಕಲಿತದ್ದು ಗುಂಡಿಗಳ ಅಕಾರ್ಡಿಯನ್ನು. ಆಮೇಲೆ ಅವರು ಪಿಯಾನೊ ಅಕಾರ್ಡಿಯನ್ನಿಗೆ ಬದಲಾಯಿಸಿಕೊಂಡರು. ಆ ಬದಲಾವಣೆಯಿಂದ ಎಲ್ಲ ಶ್ರುತಿಗಳಲ್ಲಿಯೂ ನುಡಿಸುವುದು ಸುಲಭವಾಯಿತು, ಇಂಗ್ಲಿಷ್ ಹಾಡುಗಳೂ ಬ್ಯಾಂಜೊ ಪಿಯಾನೊಗಳೂ ಮೇಳದೊಳಕ್ಕೆ ಬಂದವು, ಕ್ಲೀವ್‌ಲ್ಯಾಂಡ್ ಶೈಲಿಯೆಂದು ಇಂದು ಕರೆಯುವುದು ರೂಪುಗೊಂಡಿತು. ನ್ಯೂ ಅಲ್ಮ್ ಕಡೆಯ ಜರ್ಮನ್ ಶೈಲಿಯಲ್ಲಿ ಕನ್ಸರ್ಟಿನಾ ಉಳಿಯಿತು, ಅದರ ಕೆಳಗೆ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ವಾದ್ಯ ಹೆಜ್ಜೆಗೆ ತಕ್ಕಂತೆ ದಪ್ಪನೆಯ ಗುಡುಗು ಹಾಕುತ್ತದೆ. ಶಿಕಾಗೋದ ಪೋಲಿಷ್ ಬಡಾವಣೆಗಳಲ್ಲಿ ‘ಲಿಲ್ ವಾಲಿ’ ಯಾಗಿಯೆಲ್ಲೊ ಗತಿಯನ್ನು ತಗ್ಗಿಸಿ, ಎದೆಯಿಂದ ಹಾಡಿ, ಬೇರೆಯೇ ದಾರಿ ಹಿಡಿದರು. ಇಷ್ಟೆಲ್ಲ ಭಿನ್ನತೆ ಕಿವಿಗೆ ಮೊದಲು ಬೀಳುವುದು ವಾದ್ಯದಿಂದ. ದಾಖಲಾತಿಯ ಬಗ್ಗೆ ಬರೆಯುವವರು ಅದನ್ನೇ ತಪ್ಪು ದಾಖಲಿಸಿದರೆ ಓದುಗರು ಉಳಿದದ್ದನ್ನು ಹೇಗೆ ನಂಬಬೇಕು?

ನಾನು ಈ ಕೆಲಸದ ಅಆಇಈ ಕಲಿತದ್ದು ಗೋಕಾಕ ಸೀಮೆಯಲ್ಲಿ, ಶ್ರೀಕೃಷ್ಣ ಪಾರಿಜಾತದ ಮೇಳಗಳನ್ನು ಧ್ವನಿಮುದ್ರಿಸುತ್ತಿದ್ದ ಹಿರಿಯ ವಿದ್ವಾಂಸರೊಬ್ಬರ ಕೈಕೆಳಗೆ. ಟೇಪ್ ರೆಕಾರ್ಡರ್ ಹೊರುವುದು, ಸೆಲ್ಲು ಬದಲಾಯಿಸುವುದು, ಕ್ಯಾಸೆಟ್ಟಿನ ಮೇಲೆ ಚೀಟಿ ಅಂಟಿಸುವುದು ನನ್ನ ಪಾಲಿನ ಕೆಲಸ. ಅವರದೊಂದು ಕಟ್ಟುನಿಟ್ಟಾದ ಪದ್ಧತಿಯಿತ್ತು. ಟೇಪು ಓಡಲು ಶುರುವಾದ ಮೇಲೆ ಮೊದಲು ಅವರೇ ಊರು, ತಾರೀಖು ಹೇಳುತ್ತಿದ್ದರು. ಆಮೇಲೆ ಮೇಳದ ಪ್ರತಿಯೊಬ್ಬರೂ ತಮ್ಮ ಹೆಸರು, ತಂದೆಯ ಹೆಸರು, ಊರು, ಯಾರ ಹತ್ತಿರ ಕಲಿತದ್ದು ಎಂಬುದನ್ನು ತಮ್ಮದೇ ದನಿಯಲ್ಲಿ ಹೇಳಬೇಕು. ತಾಳ ಹಾಕುವ ಹುಡುಗನನ್ನೂ ಬಿಡುತ್ತಿರಲಿಲ್ಲ. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ಸರದಿ ಬಂದಾಗಲಂತೂ ವಿಚಾರಣೆ ಉದ್ದವಾಗುತ್ತಿತ್ತು: ಪೇಟಿ ಎಲ್ಲಿ ಕೊಂಡದ್ದು, ರೀಡು ಕೆಟ್ಟರೆ ಯಾರು ಸರಿಮಾಡುತ್ತಾರೆ, ಯಾವ ಪಟ್ಟಿಗೆ ಹಾಡಿಸುತ್ತೀರಿ, ಬಿಳಿ ಎರಡೋ ಕಪ್ಪು ಒಂದೋ. “ಸಾಹೇಬ್ರ, ಪದಾ ಯಾವಾಗ ಹಚ್ಚೂದು?” ಎಂದು ಊರಿನವರು ಕೇಳುತ್ತಿದ್ದರು. ಅವರು ನಗುತ್ತಾ, ಕೇಳುವುದನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ. ಆ ಕ್ಯಾಸೆಟ್ಟುಗಳಲ್ಲಿ ಪದಕ್ಕಿಂತ ಮೊದಲು ಬರುವ ಆ ಮಾತಿನ ಭಾಗಕ್ಕೆ ನಾನು ಇಂದಿಗೂ ಮರಳುತ್ತೇನೆ. ಅಕ್ಕಪಕ್ಕದ ಊರುಗಳಲ್ಲಿ ಒಬ್ಬರ ಮುಖ ಒಬ್ಬರು ನೋಡದಿದ್ದ ಮೇಳಗಳ ಪೇಟಿ ಮಾಸ್ತರರು ಒಬ್ಬನೇ ಗುರುವಿನ ಶಿಷ್ಯರು ಎಂಬುದು ನಮಗೆ ತಿಳಿದದ್ದು ಅಲ್ಲಿಂದ. ಪದಗಳನ್ನು ಎಷ್ಟು ಸೂಕ್ಷ್ಮವಾಗಿ ಕೇಳಿದರೂ ಅದು ತಿಳಿಯುತ್ತಿರಲಿಲ್ಲ.

ಈ ಕಾರಣದಿಂದಲೇ ನಿಮ್ಮ ಐದನೆಯ ಪುಟದ ಮಾತು ನನಗೆ ಸಹ್ಯವಾಗಲಿಲ್ಲ: “ಹೆಸರಿನ ಹಂಬಲವಿಲ್ಲದ ಈ ಮುಗ್ಧ ಜನರು ಸಂಗೀತವನ್ನು ಶುದ್ಧವಾಗಿ ಕಾಪಾಡಿಕೊಂಡು ಬಂದರು.” ಹೆಸರಿನ ಹಂಬಲವಿಲ್ಲ ಎಂದು ನಿಮಗೆ ಹೇಳಿದವರಾರು? ಲಿಲ್ ವಾಲಿ ತಮ್ಮದೇ ರೆಕಾರ್ಡ್ ಕಂಪನಿ ಕಟ್ಟಿದರು. ಅದೇ ಶಿಕಾಗೋದ ಎಡ್ಡಿ ಬ್ಲಜಾನ್‌ಚಿಕ್ ಕೂಡ ಕಟ್ಟಿದರು, ರಾಕ್ ಮತ್ತು ಕಂಟ್ರಿ ಸಂಗೀತದ ಛಾಯೆಗಳನ್ನು ಪೋಲಿಷ್ ಪೋಲ್ಕಾಕ್ಕೆ ತಂದರು. ಇವರಿಗೆ ಶುದ್ಧಿಯ ಗೊಡವೆ ಇರಲಿಲ್ಲ. ಕುಣಿಯುವವರು ಕುಣಿಯುತ್ತಲೇ ಇರಬೇಕು ಎಂಬುದು ಅವರ ಕಾಳಜಿಯಾಗಿತ್ತು.

ಹೆಸರು ಹೋಗುವುದು ಹೇಗೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ, ಇದನ್ನು ಲೇಖನದಲ್ಲಿ ಬಳಸಿಕೊಳ್ಳಬಹುದು. ಟೆಕ್ಸಸ್‌ನಲ್ಲಿ ಚೆಕ್ ಮತ್ತು ಜರ್ಮನ್ ವಲಸೆಗಾರರ ಪೋಲ್ಕಾ ನೆರೆಯ ಮೆಕ್ಸಿಕನ್ ಮೂಲದ ವಾದಕರ ಕೈಗೂ ಬಂತು. ಅವರಲ್ಲಿ ಅಕಾರ್ಡಿಯನ್ ವಾದಕ ನಾರ್ಸಿಸೊ ಮಾರ್ಟಿನೆಸ್ ಪ್ರಮುಖರು. 1936ರಲ್ಲಿ ಅವರು ಬ್ಲೂಬರ್ಡ್ ಕಂಪನಿಗೆ ನುಡಿಸಿದಾಗ ಎಡಗೈಯ ಮಂದ್ರದ ಗುಂಡಿಗಳನ್ನು ಬಹುತೇಕ ಬಿಟ್ಟುಕೊಟ್ಟು, ಆ ಕೆಲಸವನ್ನು ಸಾಂಟಿಯಾಗೊ ಆಲ್ಮೈದಾ ಅವರ ಗಿಟಾರಿನಂಥ ಹನ್ನೆರಡು ತಂತಿಯ ಬಾಹೊ ಸೆಕ್ಸ್ಟೊಗೆ ವಹಿಸಿ, ತಮ್ಮ ಬಲಗೈಯನ್ನು ಚುರುಕಾದ ರಾಗಕ್ಕೆ ಮೀಸಲಿಟ್ಟರು. ದಕ್ಷಿಣ ಟೆಕ್ಸಸ್‌ನ ಕೊನ್‌ಹುಂಟೊ ಶೈಲಿಗೆ ಅಡಿಪಾಯ ಬಿದ್ದದ್ದು ಅಲ್ಲಿ. ಕಂಪನಿ ಅದೇ ಮಾರ್ಟಿನೆಸ್ ಅವರ ಮುದ್ರಣಗಳನ್ನು ಲೂಯಿಸಿಯಾನದ ಕೊಳ್ಳುಗರಿಗೆ ‘ಲೂಯಿಸಿಯಾನ ಪೀಟ್’ ಎಂದೂ, ಪೋಲಿಷ್ ಕೊಳ್ಳುಗರಿಗೆ ‘ಪೋಲ್ಸ್ಕಿ ಕ್ವಾರ್ಟೆಟ್’ ಎಂದೂ ಚೀಟಿ ಅಂಟಿಸಿ ಮಾರಿತು. ಯಾವುದೋ ಪೋಲಿಷ್ ಮನೆಯಲ್ಲಿ ತಮ್ಮವರೇ ನುಡಿಸಿದ್ದೆಂದು ನಂಬಿ ಕುಣಿದವರ ಪಾದಗಳಿಗೆ ತಾಳ ಕೊಟ್ಟದ್ದು ಮೆಕ್ಸಿಕೊ ಗಡಿಯ ಒಬ್ಬ ಕೂಲಿಗಾರನ ಬೆರಳುಗಳಾಗಿರಬಹುದು. ಈ ಸಂಗತಿ ಹೊರಬಂದದ್ದು ತಟ್ಟೆಯ ಹಿಂದಿನ ಮನುಷ್ಯ ಯಾರೆಂದು ಪಟ್ಟು ಹಿಡಿದು ಹುಡುಕಿದ ಸಂಗ್ರಾಹಕರಿಂದ. ವ್ಯಾಪಾರಕ್ಕಾಗಿ ಕಂಪನಿ ಅಳಿಸಿದ್ದನ್ನು ನಾವು ಭಾವುಕತೆಗಾಗಿ ಅಳಿಸಬಾರದು ಎಂಬುದು ನನ್ನ ಕಳಕಳಿ.

ದಯವಿಟ್ಟು ಆ ಹಾಲಿಗೆ ಮತ್ತೊಮ್ಮೆ ಹೋಗಿ. ಆ ಹಿರಿಯರ ಹೆಸರು, ಹುಟ್ಟಿದ ಊರು, ಯಾರಿಂದ ಕಲಿತರು, ಯಾವ ಹಾಲುಗಳಲ್ಲಿ ಯಾರೊಡನೆ ನುಡಿಸಿದರು ಎಂಬುದನ್ನು ಕೇಳಿ ಬರೆದುಕೊಳ್ಳಿ. ಪೆಟ್ಟಿಗೆಯ ಮೇಲಿನ ಬರಹದ ಚಿತ್ರ ತೆಗೆಯಿರಿ. ಅಂಕಿಯ ಹಾಳೆಗಳಿದ್ದರೆ, ಅವರ ಒಪ್ಪಿಗೆಯಿಂದ, ಒಂದರ ಚಿತ್ರವನ್ನೂ ತನ್ನಿ. ಅಂದು ನುಡಿಸಿದ ಪೋಲ್ಕಾವನ್ನು ಮತ್ತೆ ನುಡಿಸಲು ಕೋರಿ, ಅದನ್ನು ಅವರು ಏನೆಂದು ಕರೆಯುತ್ತಾರೆಂದು ಕೇಳಿ. ಡ್ರಮ್ಮಿನ ಹಿಂದೆ ಕುಳಿತಿದ್ದ ಹೆಂಗಸಿನ ಬಗ್ಗೆ ನೀವು ಅರ್ಧ ವಾಕ್ಯ ಬರೆದು ಬಿಟ್ಟಿದ್ದೀರಿ, ಅವರನ್ನೂ ಮಾತಾಡಿಸಿ. ಹೆಸರು ಪ್ರಕಟಿಸುವುದು ಬೇಡವೆಂದು ಯಾರಾದರೂ ಹೇಳಿದರೆ ಅವರ ಇಚ್ಛೆಗೆ ತಲೆಬಾಗಿ, ಅವರು ಬೇಡವೆಂದರು ಎಂಬುದನ್ನೇ ಲೇಖನದಲ್ಲಿ ಒಂದು ವಾಕ್ಯವಾಗಿ ಬರೆಯಿರಿ. ಮೊದಲ ಪುಟವನ್ನು ಪೂರ್ತಿ ತೆಗೆದುಹಾಕಿ ಮೂರನೆಯ ಪುಟದಿಂದ ಆರಂಭಿಸಿ. ಸ್ಟ್ರಾಟ್‌ಮನ್-ಥಾಮಸ್ ಮತ್ತು ಲೊಮ್ಯಾಕ್ಸ್ ಅವರ ಭಾಗ ಅದರ ನಂತರ ಬರಲಿ. ಅವರು ಮುದ್ರಿಸಿಕೊಂಡ ವಾದಕರಲ್ಲಿ ಕನಿಷ್ಠ ಇಬ್ಬರನ್ನಾದರೂ ಹೆಸರು, ಊರು, ವಾದ್ಯ ಸಮೇತ ಪರಿಚಯಿಸಿ. ಮ್ಯಾಡಿಸನ್‌ನಲ್ಲಿರುವ ವಿಶ್ವವಿದ್ಯಾಲಯದ ಸಂಗೀತ ಗ್ರಂಥಾಲಯ ನಿಮಗೆ ದೂರವೇನಲ್ಲ.

ಪರಿಷ್ಕರಿಸಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ. ಉದ್ದ ಹೆಚ್ಚಾದರೂ ಅಡ್ಡಿಯಿಲ್ಲ, ಎರಡು ಕಂತುಗಳಲ್ಲಿ ಹಾಕೋಣ.

ಇತಿ,
ಸಂಪಾದಕ