ಪ್ರ: ನಾಗರಹೊಳೆ ಕಣಿವೆಗಳಲ್ಲಿ ಟೆಂಟ್ ಹಾಕಿಕೊಂಡು ಎರಡು ದಿನ ನಡೆಯಬಹುದೇ?

ನಾಗರಹೊಳೆ ಒಳಗೆ ಟೆಂಟ್ ಹಾಕಿಕೊಂಡು ಎರಡು ದಿನ ನಡೆಯುವ ಯೋಜನೆಯನ್ನು ದಯವಿಟ್ಟು ಕೈಬಿಡಿ. ಅದು 1988ರಿಂದ ರಾಷ್ಟ್ರೀಯ ಉದ್ಯಾನ, ಈಗ ಹುಲಿ ಮೀಸಲು. ಪ್ರವಾಸಿಗರಿಗೆ ಅಲ್ಲಿರುವುದು ಸಫಾರಿ ಮಾತ್ರ, ಕಾಲ್ನಡಿಗೆಗೆ ಅವಕಾಶವಿಲ್ಲ.

ನಿಮಗೆ ಬೇಕಾದ ಕಣಿವೆ, ಅದರ ಜೊತೆಗೆ ಶೋಲಾ ಕಾಡು (ಬೆಟ್ಟದ ಮಡಿಕೆಗಳಲ್ಲಿ ಬೆಳೆಯುವ ಕುಳ್ಳ ನಿತ್ಯಹಸಿರು ಕಾಡು), ಹುಲ್ಲುಗಾವಲು ಮೂರೂ ಪಕ್ಕದಲ್ಲೇ, ಕೊಡಗು-ಕೇರಳ ಗಡಿಯ ಬ್ರಹ್ಮಗಿರಿ ಬೆಟ್ಟದಲ್ಲಿವೆ. ಎತ್ತರ 1608 ಮೀಟರ್. ಇರ್ಪು ಜಲಪಾತದಿಂದ ಶಿಖರಕ್ಕೆ ಸುಮಾರು 9 ಕಿ.ಮೀ. ಅರಣ್ಯ ಇಲಾಖೆಯ ಅನುಮತಿ, ಜೊತೆಗೆ ಗೈಡ್ ಬೇಕೇ ಬೇಕು. ಮಳೆಗಾಲದಲ್ಲೂ ಕಾಳ್ಗಿಚ್ಚಿನ ಕಾಲದಲ್ಲೂ ದಾರಿ ಮುಚ್ಚುತ್ತಾರೆ. ಅನುಮತಿ ಕೈಗೆ ಬಂದಮೇಲೆಯೇ ಬಸ್ ಟಿಕೆಟ್ ಮಾಡಿಸಿ.

ಒಂದೇ ದಿನದಲ್ಲಿ ಹತ್ತಿ ಇಳಿಯುವ ಲೆಕ್ಕ ಹೀಗೆ ಹಾಕಿ: ಏರಲ್ಲಿ ಗಂಟೆಗೆ 2 ಕಿ.ಮೀ. ಎಂದರೆ ನಾಲ್ಕೂವರೆ ಗಂಟೆ, ಇಳಿಯಲು ಮೂರೂವರೆ. ಬೆಳಿಗ್ಗೆ 7ಕ್ಕೆ ಹೊರಡಿ. ಮಧ್ಯಾಹ್ನ 12.30ಕ್ಕೆ ಎಲ್ಲಿದ್ದೀರೋ ಅಲ್ಲಿಂದಲೇ ಹಿಂತಿರುಗಿ, ಶಿಖರ ಕಣ್ಣೆದುರೇ ಇದ್ದರೂ ಸರಿ. ಬಹಳ ಜನ ಎಡವುವುದು ಇಲ್ಲಿಯೇ. ತಡವಾದರೆ ಕತ್ತಲಲ್ಲಿ ಆನೆ ಓಡಾಡುವ ಕಾಡಿನೊಳಗೆ ಇಳಿಯಬೇಕಾಗುತ್ತದೆ.

ತಲಾ 3 ಲೀಟರ್ ನೀರು ಹೊರಿ. ಮೇಲಿನ ಹುಲ್ಲಿನ ಭಾಗದಲ್ಲಿ ನೆರಳಿಲ್ಲ, ಬೇಸಿಗೆಯಲ್ಲಿ ತೊರೆಗಳನ್ನು ನಂಬುವಂತಿಲ್ಲ. ಅಕ್ಟೋಬರಿನಲ್ಲಿ ಹೋದರೆ ಜಿಗಣೆ ಕಾಟ ಖಚಿತ: ಪ್ಯಾಂಟಿನ ತುದಿಯನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ, ಬೇವಿನೆಣ್ಣೆ ಹಚ್ಚಿ. ಕಚ್ಚಿದ್ದನ್ನು ಎಳೆಯಬೇಡಿ, ಉಗುರಿನಿಂದ ಬದಿಗೆ ಸರಿಸಿ ಬಿಡಿಸಿ.

ಶಿಖರದ ಆಚೆ ಇಳಿದರೆ ಕೇರಳದ ವಯನಾಡು. ನಿಮ್ಮ ಅನುಮತಿ ಅಲ್ಲಿಗೆ ಸಲ್ಲುವುದಿಲ್ಲ, ಬಂದ ದಾರಿಯಲ್ಲೇ ಇರ್ಪುವಿಗೆ ಇಳಿಯಿರಿ.