ಗುಡಿಗೆ ಬಂದವರ ಆಧಾರ್ ಕೇಳಬೇಕೇ?

ಪ್ರಶ್ನೆ: ನಮ್ಮೂರ ಹಣಮಂತ ದೇವರ ಗುಡಿ ಕಮಿಟಿಯಲ್ಲಿ ನಾನೂ ಒಬ್ಬ. ಪಕ್ಕದ ಊರಿನಲ್ಲಿ ರಾತ್ರಿ ಗುಡಿ ಕೀಲಿ ಮುರಿದು ಹುಂಡಿ ಹೊತ್ತೊಯ್ದರು. ಆಗಿನಿಂದ ನಮ್ಮಲ್ಲೂ ಜಗಳ. ಗೇಟಿನಲ್ಲಿ ಆಧಾರ್ ನೋಡಿ ಒಳಗೆ ಬಿಡೋಣ ಅಂತ ಹುಡುಗರು. ಶ್ರಾವಣ ಶನಿವಾರದ ದಾಸೋಹಕ್ಕೆ ಸುತ್ತ ಹಳ್ಳಿಯವರೆಲ್ಲ ಬರುತ್ತಾರೆ, ಹಾಗೆಲ್ಲ ಕೇಳಬಾರದು ಅಂತ ಹಿರಿಯರು. ಏನು ಮಾಡೋಣ?
– ಓದುಗರು, ಶಹಾಪುರ ತಾಲ್ಲೂಕು

ಉತ್ತರ: ನಾನು ಹಿರಿಯರ ಕಡೆ. ಆಧಾರ್ ಕಳ್ಳನ ಹತ್ತಿರವೂ ಇರುತ್ತದೆ. ಅದೂ ಅಲ್ಲದೆ ಅವನು ಬಂದದ್ದು ರಾತ್ರಿ, ನೀವು ಕಾಯಬೇಕೆನ್ನುವುದು ಹಗಲು! ಇನ್ನೊಂದು ಮಾತು. ನಮ್ಮ ಕಡೆ ಹೆಸರು ಕೇಳಿದ ಮೇಲೆ 'ಯಾರ ಪೈಕಿ' ಅನ್ನುವ ಪ್ರಶ್ನೆ ಬರಲು ಜಾಸ್ತಿ ಹೊತ್ತು ಬೇಕಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಗುಡಿಯೊಳಗೆ ಬಿಡದಿರುವುದು 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಅಲ್ಲಿಗೆ ಹೋಗುವ ದಾರಿಯನ್ನೇ ತೆರೆಯಬೇಡಿ.

ಮೊದಲು ಕಳ್ಳನಿಗೆ ಸಿಗುವುದನ್ನು ಕಡಿಮೆ ಮಾಡಿ. ಹುಂಡಿಯನ್ನು ನೆಲಕ್ಕೆ ಕಾಂಕ್ರೀಟಿನಲ್ಲಿ ಕೂಡಿಸಿ, ಬೋಲ್ಟ್ ಹಾಕಿ. ಎರಡು ಕೀಲಿ ಇರಲಿ, ಕೀಲಿಕೈ ಇಬ್ಬರ ಮನೆಯಲ್ಲಿರಲಿ. ವಾರಕ್ಕೊಮ್ಮೆ ನಾಲ್ಕು ಜನರ ಮುಂದೆ ತೆಗೆದು ಎಣಿಸಿ, ಬ್ಯಾಂಕಿಗೆ ಕಟ್ಟಿ. 'ಹುಂಡಿ ವಾರವಾರ ಖಾಲಿ ಮಾಡಲಾಗುತ್ತದೆ' ಅಂತ ಬೋರ್ಡ್ ಕೂಡ ಹಾಕಿ. ಬೆಳ್ಳಿ ಬಂಗಾರದ ಫೋಟೊ ತೆಗೆದು, ತೂಕ ಬರೆದಿಟ್ಟು, ಬ್ಯಾಂಕ್ ಲಾಕರಿನಲ್ಲಿಡಿ. ಹಬ್ಬದ ದಿನ ಹೊರಗೆ ತಂದರೆ ಸಾಕು. ಮುಜರಾಯಿ ಗುಡಿಯಾದರೆ ತಹಶೀಲ್ದಾರರಿಗೆ ಹೇಳಿ ಮಾಡಿ.

ಕಾಣಿಕೆಗೆ ಈಗ ಕ್ಯೂಆರ್ ಕೋಡ್ ಬೇರೆ ಬಂದಿದೆ. ಅದರ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗುವವರಿದ್ದಾರೆ. ಗಾಜಿನೊಳಗೆ ಇಡಿ, ದಿನಾ ಬೆಳಿಗ್ಗೆ ಪೂಜಾರಿ ಒಮ್ಮೆ ಸ್ಕ್ಯಾನ್ ಮಾಡಿ ಹೆಸರು ನೋಡಲಿ.

ಕ್ಯಾಮೆರಾ ಬೇಕು, ಆದರೆ ಸರಿಯಾಗಿ. ಮೇಲೆ ಚಾವಣಿಗೆ ಹಾಕಿದರೆ ಬರೀ ರುಮಾಲು ಕಾಣುತ್ತದೆ. ಬಾಗಿಲಿನದು ಮುಖ ಕಾಣುವ ಎತ್ತರಕ್ಕಿರಲಿ. ರೆಕಾರ್ಡ್ ಮಾಡುವ ಡಬ್ಬಿಯನ್ನು ಗುಡಿಯೊಳಗೆ ಕಣ್ಣಿಗೆ ಬೀಳುವಂತೆ ಇಡಬೇಡಿ, ಕಳ್ಳರು ಅದನ್ನೂ ಒಯ್ಯುತ್ತಾರೆ. ಕರೆಂಟ್ ಹೋದಾಗಲೂ ನಡೆಯಲು ಇನ್ವರ್ಟರ್ ಬೇಕು. ಒಮ್ಮೆಗೆ 100 ಜನ ಇಲ್ಲವೇ ದಿನಕ್ಕೆ 500 ಜನ ಸೇರುವ ಜಾಗಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 30 ದಿನ ಉಳಿಸಬೇಕು ಅನ್ನುತ್ತದೆ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ. ನಿಮ್ಮ ಗುಡಿ ಸಣ್ಣದಿದ್ದರೂ ಆ 30 ದಿನ ಪಾಲಿಸಿ. ಸ್ನಾನ ಮಾಡುವ, ಬಟ್ಟೆ ಬದಲಿಸುವ ಜಾಗಕ್ಕೆ ಮಾತ್ರ ಕ್ಯಾಮೆರಾ ತಿರುಗಬಾರದು.

ಇನ್ನು ಗೇಟಿನ ವಿಷಯ. ದೊಣ್ಣೆ ಹಿಡಿದವನಿಗಿಂತ 'ಬರ್ರಿ, ಯಾವೂರ್ರಿ? ಕಾಲು ತೊಳ್ಕೊಳ್ರಿ, ಉಂಡೇ ಹೋಗ್ರಿ' ಅನ್ನುವ ಒಬ್ಬರು ಬಾಗಿಲಲ್ಲಿರುವುದು ಲೇಸು. ಭಕ್ತರಿಗೆ ಅದು ಸ್ವಾಗತ. ಕೆಟ್ಟ ಯೋಚನೆಯಿಂದ ಬಂದವನಿಗೆ, ತನ್ನ ಮುಖ ನೋಡಿಟ್ಟುಕೊಂಡರು ಅನ್ನುವ ಅಳುಕು. ಗುರುದ್ವಾರಗಳಲ್ಲಿ ಗಮನಿಸಿ, ಚಪ್ಪಲಿ ಇಸಿದುಕೊಳ್ಳಲು, ತಲೆಗೆ ಬಟ್ಟೆ ಕೊಡಲು ಸೇವೆಯವರು ಇರುತ್ತಾರೆ. ಯಾರು ಬಂದರು ಅಂತ ನೋಡುವ ಕೆಲಸವೂ ಅಲ್ಲೇ ಆಗಿಬಿಡುತ್ತದೆ. ಬೀದರಿನ ನಾನಕ್ ಝೀರಾದಲ್ಲಿ ಲಂಗರಿಗೆ, ಅಂದರೆ ಗುರುದ್ವಾರದ ದಾಸೋಹಕ್ಕೆ, ಕೂತವರನ್ನು ಯಾವ ಧರ್ಮ ಅಂತ ಯಾರೂ ಕೇಳುವುದಿಲ್ಲ. ಕಲಬುರಗಿಯ ಬಂದೇನವಾಜ್ ದರ್ಗಾಕ್ಕೂ ಎಲ್ಲರೂ ಹೋಗುತ್ತಾರೆ, ಅಲ್ವಾ?

ಹೊರಗಿನವರ ಮೇಲಷ್ಟೇ ಕಣ್ಣಿಟ್ಟರೆ ಸಾಲದು. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು ಹಲವರು ತೀರಿಹೋದರು. ಪೊಲೀಸರು ಹಿಡಿದದ್ದು ಗುಡಿಗೆ ಸಂಬಂಧಪಟ್ಟವರನ್ನೇ. ದಾಸೋಹದ ಅಡುಗೆಮನೆಯಲ್ಲಿ ಸದಾ ಇಬ್ಬರಿರಲಿ, ಸುಮ್ನೆ ಬಂದು ಹೋಗುವವರು ಬೇಡ. ಬಡಿಸುವ ಮೊದಲು ಅಡುಗೆಯವರು ಉಂಡು ನೋಡಲಿ.

ನಿಜ ಹೇಳಬೇಕೆಂದರೆ ನನಗೆ ಕಳ್ಳನಿಗಿಂತ ವೈರಿನ ಭಯ ಹೆಚ್ಚು. ಒದ್ದೆ ಕಲ್ಲು, ಬರಿಗಾಲು, ಮೇಲೆ ಸೀರಿಯಲ್ ಲೈಟು. ಮೇನ್ ಬೋರ್ಡಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ. ಯಾರಿಗಾದರೂ ಶಾಕ್ ಹೊಡೆಯುವ ಹೊತ್ತಿಗೆ ಅದು ಕಣ್ಣು ಮಿಟುಕಿಸುವುದರೊಳಗೆ ಕರೆಂಟ್ ಕಡಿಯುತ್ತದೆ. ಹುಂಡಿ ಬೋಲ್ಟಿಗಿಂತ ಮೊದಲು ಇದನ್ನೇ ಮಾಡಿಸಿ.

ಪ್ರಶ್ನೆ: ನಮ್ಮದು ಸಣ್ಣ ಚರ್ಚ್. ಪ್ರಾರ್ಥನೆ ನಡೆಯುವಾಗ ಒಳಗಿನಿಂದ ಬೀಗ ಹಾಕುವುದು ಒಳ್ಳೆಯದೇ?
– ಓದುಗರು, ಬೀದರ್

ಉತ್ತರ: ಬೇಡ. ಬೆಂಕಿ ಬಿದ್ದರೆ ಬೀಗದ ಕೈ ಹುಡುಕುತ್ತಾ ನಿಲ್ಲಬೇಕಾಗುತ್ತದೆ. ಬಾಗಿಲ ಹತ್ತಿರ ಸರದಿ ಪ್ರಕಾರ ಒಬ್ಬರು ಕೂರಲಿ, ತಡವಾಗಿ ಬಂದವರನ್ನು ಅವರೇ ಕರೆದು ಕೂರಿಸಲಿ. ತುರ್ತು ಕರೆಯ ನಂಬರ್ 112 ಅವರ ಫೋನಿನಲ್ಲಿರಲಿ. ಎರಡನೇ ಬಾಗಿಲಿದ್ದರೆ ಅದರ ಮುಂದಿನ ಬೆಂಚು, ಕುರ್ಚಿ ತೆಗೆಸಿ. ಬಾಗಿಲು ಒಳಕ್ಕೆ ತೆರೆಯುತ್ತಿದ್ದರೆ ಹೊರಕ್ಕೆ ತೆರೆಯುವ ಹಾಗೆ ಮಾಡಿಸಿ. ಜನ ಒಮ್ಮೆಲೇ ನುಗ್ಗಿದಾಗ ಒಳಕ್ಕೆ ತೆರೆಯುವ ಬಾಗಿಲನ್ನು ಎಳೆಯಲು ಜಾಗವೇ ಇರುವುದಿಲ್ಲ. ಬಡಗಿಯನ್ನು ಈ ವಾರವೇ ಕರೆಸಿ ತೋರಿಸಿ.