ತಳ ಕಾಣದ ಗೋಡೆ ಪಕ್ಕ ಮೊದಲ ಡೈವ್

ಸ್ಕೂಬಾ ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿ ಇಂಡೋನೇಷ್ಯಾದ ಬುನಾಕೆನ್ ದ್ವೀಪಕ್ಕೆ ಹೊರಟಿದ್ದೀರಿ, ಸಮುದ್ರದೊಳಗೆ ನೇರ ಕೆಳಕ್ಕಿಳಿಯುವ ಹವಳದ ಗೋಡೆ ಪಕ್ಕ ಇಳಿಯೋಕೆ ಭಯ ಅಂತ ಬರೆದಿದ್ದೀರಿ. ಭಯ ಸಹಜ. ನಾನೂ ಕೋಲಾರದ ಕಡೆಯವನು, ತೋಟದ ಬಾವಿಯಲ್ಲಿ ಈಜು ಕಲಿತವನು. ಬಾವಿಗೆ ತಳ ಇರುತ್ತದೆ ಅಲ್ವಾ, ಅಲ್ಲಿ ಕೆಳಗೆ ಬರೀ ಕಡು ನೀಲಿ. ನಂದಿ ಬೆಟ್ಟದ ಟಿಪ್ಪು ಡ್ರಾಪ್ ಅಂಚಿನಲ್ಲಿ ನಿಂತ ಹಾಗೇ ಎದೆ ಝಲ್ಲೆನ್ನುತ್ತದೆ.

ಆದರೆ ನಿಜವಾದ ಅಪಾಯ ಬೇರೆ. ಕಣ್ಣಿಗೆ ತಳ ಸಿಗದ ಕಾರಣ ಎಷ್ಟು ಇಳಿದಿದ್ದೇವೆ ಅನ್ನೋದೇ ಗೊತ್ತಾಗುವುದಿಲ್ಲ. ಪ್ರತಿ 10 ಮೀಟರ್‌ಗೂ ನೀರಿನ ಒತ್ತಡ 1 ಬಾರ್‌ನಷ್ಟು, ಅಂದರೆ ಸುಮಾರು ನೆಲದ ಮೇಲಿನ ಗಾಳಿಯ ಒತ್ತಡದಷ್ಟು, ಏರುತ್ತದೆ. ತೇಲಲು ಗಾಳಿ ತುಂಬಿಕೊಳ್ಳುವ ಡೈವಿಂಗ್ ಜಾಕೆಟ್ಟಿನೊಳಗಿನ ಗಾಳಿ ಕುಗ್ಗುತ್ತದೆ, ನೀವು ಇನ್ನೂ ಬೇಗ ಇಳಿಯುತ್ತೀರಿ. ಹಾಗಾಗಿ ಆಳ ತೋರಿಸುವ, ಕೈಗಡಿಯಾರದಂಥ ಡೈವ್ ಕಂಪ್ಯೂಟರನ್ನು ಮತ್ತೆ ಮತ್ತೆ ನೋಡಿ. ನಿಮ್ಮ ಮಿತಿ 18 ಮೀಟರ್, ಅದನ್ನು ದಾಟಬೇಡಿ. ಜಾಕೆಟ್ಟಿಗೆ ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟು ಸಮತೋಲನ ಮಾಡಿಕೊಳ್ಳಿ. ಗೋಡೆ ಹಿಡಿಯಬೇಡಿ, ಹವಳ ಮುರಿಯುತ್ತದೆ.

ನೀವು ಬಿಡುವ ಗುಳ್ಳೆಗಳು ಕೆಳಕ್ಕೆ ಹೋಗುತ್ತಿದ್ದರೆ ಸೆಳೆತ ಕೆಳಮುಖವಾಗಿದೆ ಅಂತ ಅರ್ಥ. ಇಂಥಾ ಹೊತ್ತಲ್ಲಿ ಏನು ಮಾಡಬೇಕು ಅಂತ ಇಳಿಯುವ ಮುಂಚೆಯೇ ಗೈಡ್ ಹತ್ತಿರ ಕೇಳಿ.

ಒಂದು ಟಾರ್ಚ್ ಖಂಡಿತ ಒಯ್ಯಿರಿ. ನೀರು ಮೊದಲು ಕೆಂಪನ್ನೇ ನುಂಗುತ್ತದೆ. ಬೂದಿ ಬಣ್ಣದ ಗೋಡೆಗೆ ಬೆಳಕು ಬಿಟ್ಟರೆ ಕುಂಕುಮದಂಥ ಸ್ಪಂಜು, ಹವಳ ಎದ್ದು ಬರುತ್ತವೆ. ನನಗೆ ಭಯ ಬಿಟ್ಟದ್ದು ಆ ಕ್ಷಣದಲ್ಲೇ.

ಹಾಂ, ಕೊನೆಯ ಡೈವ್ ಆದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಿ. ಟಿಕೆಟ್ ಈಗಲೇ ನೋಡಿಕೊಳ್ಳಿ.